ಸುಣ್ಣದ ಗೋಡೆಯ ಹಕಾರ

ತಿಗನಾರೆಯಲ್ಲಿ ಇರುವವರೆಲ್ಲ ಹಳ್ಳಿಯವರೇ, ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಆದರೆ ‘ಹಳ್ಳಿಯವರ ಮನೆ’ ಎಂದು ಗೋಡೆಯ ಮೇಲೆ ಬರೆಸಿಕೊಂಡದ್ದು ನಾವೊಬ್ಬರೇ. ಬಸ್ಸಿನಿಂದ ಇಳಿದ ಹೊಸಬರು ಅದನ್ನು ಓದಿ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ನಕ್ಕರೆ ನಗಲಿ. ಸತ್ಯಮಂಗಲದ ಆಸ್ಪತ್ರೆಯಲ್ಲಿ ನರ್ಸಮ್ಮನಾಗಿ ದುಡಿದು ಮುದುಕಿಯಾಗಿದ್ದೇನೆ, ಎಷ್ಟೋ ಹೆಣಗಳ ಕಣ್ಣು ಮುಚ್ಚಿದ್ದೇನೆ, ಇಂಥ ನಗು ನನಗೆ ತಾಗುವುದಿಲ್ಲ. ನಿಜ ಹೇಳಬೇಕೆಂದರೆ ಬಹಳ ಸಂಗತಿಗಳು ನನಗೆ ತಾಗುವುದಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದವರು ‘ನಿನಗೆ ಎದೆಯಲ್ಲಿ ಕಲ್ಲಿದೆ’ ಎನ್ನುತ್ತಿದ್ದರು. ಕಲ್ಲಲ್ಲ, ನಾನು ಬೆಳೆದ ಮನೆ ಹಾಗಿತ್ತು.

ಮನೆ ಅಂದರೆ ನಾಡಹೆಂಚಿನ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ನಡುಮನೆಯ ಎಡಕ್ಕೆ ದನಗಳು, ಹಿಂದೆ ಹೊಗೆ ಹಿಡಿದ ಅಡುಗೆಮನೆ. ದನಗಳಿಗೂ ನಮಗೂ ನಡುವೆ ಮೊಣಕಾಲೆತ್ತರದ ಮಣ್ಣಿನ ಗೋಡೆ ಮಾತ್ರ. ಹಸು ನಿಟ್ಟುಸಿರು ಬಿಟ್ಟರೆ ನಮ್ಮ ಹೊದಿಕೆಗೆ ಬಿಸಿ ತಾಗುತ್ತಿತ್ತು. ರಾಗಿ ತೆನೆ ಕಟ್ಟಿದ ಮೇಲೆ ಅಪ್ಪ ಆನೆ ಕಾಯಲು ಹೊಲದ ಮರದ ಅಟ್ಟಣೆಯಲ್ಲೇ ಮಲಗುತ್ತಿದ್ದ. ಆಗ ಮನೆಯೊಳಗೆ ಉಳಿಯುತ್ತಿದ್ದವರು ನಾವು ಹೆಂಗಸರೇ: ಅಜ್ಜಿ, ಅವ್ವ, ಅಪ್ಪನ ತಂಗಿ ದೇವಮ್ಮತ್ತೆ, ನಾನು. ಅಳುವುದು ಆ ಮನೆಯ ಪದ್ಧತಿಯಲ್ಲಿರಲಿಲ್ಲ. ಬೇರೆಯವರ ಮನೆಯಲ್ಲಿ ಎತ್ತು ಸತ್ತರೆ ಎದೆ ಬಡಿದುಕೊಳ್ಳುತ್ತಿದ್ದರು. ನಮ್ಮಲ್ಲಿ ಅಜ್ಜಿ ಎದ್ದು ಒಳಗೆ ಹೋಗಿ ಈರುಳ್ಳಿ ಹೆಚ್ಚುತ್ತಿದ್ದಳು. ಸಣ್ಣ ಉರಿಯಲ್ಲಿ ಅದನ್ನು ಬೆಲ್ಲದ ಬಣ್ಣಕ್ಕೆ ಬರುವ ತನಕ ಬಾಡಿಸಿ, ನೀರು ಹೊಯ್ದು, ಉಪ್ಪು ಮೆಣಸು ಹಾಕಿ ಕುದಿಸಿ, ಹಿಂದಿನ ದಿನದ ಒಣ ರೊಟ್ಟಿ ಮುರಿದು ಅದರಲ್ಲಿ ನೆನೆಹಾಕುತ್ತಿದ್ದಳು. ಊರವರು ಅದನ್ನು ‘ಈರುಳ್ಳಿ ನೀರು’ ಎಂದು ಹೀಯಾಳಿಸುತ್ತಿದ್ದರು. ಬೇಳೆಯಿಲ್ಲ, ಹುಳಿಯಿಲ್ಲ, ಅದೂ ಒಂದು ಸಾರಾ ಎಂದು. ನನ್ನ ಬೆನ್ನಿಗೆ ಹುಟ್ಟಿದ ಗಂಡುಮಗು ಜ್ವರದಲ್ಲಿ ಹೋದ ದಿನವೂ ನಾವು ಅದನ್ನೇ ಉಂಡೆವು. ಆ ವಾಸನೆ ಬಂದರೆ ಮನೆಯಲ್ಲಿ ಏನೋ ಕೆಟ್ಟಿದೆ ಎಂದು ನಾನು ತಿಳಿದುಕೊಳ್ಳುತ್ತಿದ್ದೆ.

ಆ ಸಾರು ತಾತನದು. ನಾನು ಹುಟ್ಟುವ ಮೊದಲೇ ತೀರಿಕೊಂಡ ತಾತ, ಹಾಸನೂರಿನ ಕಾಡುಬಂಗಲೆಯಲ್ಲಿ ಬಿಳಿಯರಿಗೆ ಅಡುಗೆ ಮಾಡುತ್ತಿದ್ದನಂತೆ. ಅಜ್ಜಿಯ ಅಪ್ಪ ಅಲ್ಲಿಗೆ ಹಾಲು ಹಾಕುತ್ತಿದ್ದ. ಅಜ್ಜಿ ನಗುತ್ತ ಹೇಳುತ್ತಿದ್ದ ಕತೆ ಇದೊಂದೇ. ಘಟ್ಟದ ಕೆಳಗಿಂದ ದಿಂಬಂ ಹತ್ತಿ ಬಂದ ಆಳು, ಹಣೆಯಲ್ಲಿ ವಿಭೂತಿ, ಬಾಯಲ್ಲಿ ತಮಿಳು, ಕನ್ನಡ ಒಂದಕ್ಷರ ಬಾರದು. ಹಾಲಿನ ತಂಬಿಗೆ ಕೆಳಗಿಟ್ಟು ಮುತ್ತಾತ ಕೇಳಿದನಂತೆ:

“ಎಲ್ಲಿಯೋನಪ್ಪ ನೀನು?”

ಹೆಸರು ಕೇಳುತ್ತಿದ್ದಾರೆ ಎಂದುಕೊಂಡ ತಾತ ಎದೆಯ ಮೇಲೆ ಕೈಯಿಟ್ಟು ಹೇಳಿದನಂತೆ:

“ಅಲಿಯೇ.”

“ಅಲ್ಲಿಯೇ ಅಂದ್ರ? ಅಲ್ಲಿ ಅಂದ್ರ ಎಲ್ಲ್ಯಪ್ಪಾ?”

“ಅಲಿಯೇ, ಅಲಿಯೇ.”

“ಅಯ್ಯೋ ಶಿವನೇ! ಎಲ್ಲಿ ಅಂದ್ರ ಅಲ್ಲೇ ಅಂತನಲ್ಲ ಈ ಆಸಾಮಿ!”

ಅಂದಿನಿಂದ ಅವನು ‘ಅಲ್ಲಿಯೋನು’. ಆಮೇಲೆ ಅಜ್ಜಿಯನ್ನು ಕಟ್ಟಿಕೊಂಡು ಮಾವನ ಹೊಲದ ಒಂದು ತುಂಡಿನಲ್ಲಿ ರಾಗಿ, ಸಾಸಿವೆ ಬೆಳೆದುಕೊಂಡು ಇಲ್ಲೇ ನಿಂತ. ‘ಅಲ್ಲಿಯೋರ ಮನೆ’ ಬಾಯಿಂದ ಬಾಯಿಗೆ ಸವೆದು ‘ಅಳ್ಳಿಯೋರ ಮನೆ’ ಆಯಿತು. ನಮ್ಮ ಕಡೆ ಯಾರ ಬಾಯಲ್ಲೂ ಹಕಾರ ನಿಲ್ಲುವುದಿಲ್ಲ. ಹಾಲು ಆಲು, ಹೂವು ಊವು, ಹಳ್ಳಿ ಅಳ್ಳಿ. ಹೀಗಾಗಿ ಅದು ‘ಅಲ್ಲಿ’ಯೋ ‘ಹಳ್ಳಿ’ಯೋ ಎಂದು ಬಿಡಿಸಿ ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ಈಗ ದೇವಮ್ಮತ್ತೆಯ ಮಾತಿಗೆ ಬರುತ್ತೇನೆ. ನಾನು ಎರಡನೇ ಕ್ಲಾಸೋ ಮೂರನೇ ಕ್ಲಾಸೋ ಓದುತ್ತಿದ್ದಾಗ ಅವಳು ಮದುವೆಗೆ ಬಂದ ಹುಡುಗಿ. ಆ ಮೂಗರ ಮನೆಯಲ್ಲಿ ಬಾಯಿದ್ದವಳು ಅವಳೊಬ್ಬಳೇ. ತಾಳವಾಡಿ ಸಂತೆಗೆ ನಾವು ಸಾಸಿವೆ ಒಯ್ಯುತ್ತಿದ್ದೆವು. ಹಾಸನೂರಿನ ಆಚೆಯ ನಂಜುಂಡ ಎನ್ನುವ ಹುಡುಗ, ಕೋಸಿನ ವ್ಯಾಪಾರಕ್ಕೆ ಬರುವವನು, ಪ್ರತಿ ಸಂತೆಯಲ್ಲೂ ನಮ್ಮ ಗೋಣಿಯ ಮುಂದೆ ಬಂದು ನಿಲ್ಲುತ್ತಿದ್ದ.

“ಓದ ಸಂತೇಲಿ ಒಯ್ದ ಸಾಸ್ವ ಏನಾಯ್ತು?” ಅತ್ತೆ ತಲೆಯೆತ್ತದೆ ಕೇಳುತ್ತಿದ್ದಳು.

“ಒಗ್ಗರಣಗ ಆಕ್ದಿ ಕಣಮ್ಮಿ.”

“ಸೇರುಗಟ್ಲ ಸಾಸ್ವ! ಊರ್ಗೆಲ್ಲ ಒಗ್ಗರಣ ನಿಮ್ಮನೇಲೇ ಆಕರಾ?”

“ಆಕದು ಕಲಿಬೇಕು ಅಂತ ಅದ. ಗೊತ್ತಿರೋರು ಯಾರಾದ್ರೂ ನಮ್ಮನ್ಗ ಬಂದ್ರ ಆಯ್ತದ.”

ಅತ್ತೆಯ ಕಿವಿ ಕೆಂಪಾಯಿತು. ಅವನು ಹೋದ ಮೇಲೆ ನನ್ನ ತಲೆಗೊಂದು ಮೊಟಕಿ, “ಮನೇಲಿ ಬಾಯಿ ಬುಟ್ಟೀಯಾ, ಜ್ವಾಕ” ಎಂದಳು. ನಾನು ಬಾಯಿ ಬಿಡುವುದು ಬೇಕಿರಲಿಲ್ಲ, ಅವನೇ ಮನೆಯಲ್ಲಿ ಹೇಳಿ, ಮದುವೆ ಕುದುರಿಸುವ ತರಗಿನವನ ಕೈಲಿ ಹೆಣ್ಣು ಕೇಳಿಸಿದ. ಅವ್ವ ನನ್ನನ್ನು ಕೂರಿಸಿಕೊಂಡು ಎಣ್ಣೆ ಹಚ್ಚುತ್ತ, ಇನ್ನು ಅವರನ್ನು ‘ಮಾವ’ ಅನ್ನಬೇಕು ಎಂದು ಕಲಿಸಿದಳು. ಅತ್ತೆ ಹಸುವಿನ ಮೈ ತೊಳೆಯುವಾಗ ಹಾಡಿಕೊಳ್ಳುತ್ತಿದ್ದಳು. ಆ ಮನೆಯಲ್ಲಿ ನಾನು ಹಾಡು ಕೇಳಿದ್ದು ಆ ಒಂದು ತಿಂಗಳು ಮಾತ್ರ.

ನೆಂಟರು ಬರುತ್ತಾರೆಂದು ಅಪ್ಪ ಮನೆಗೆ ಸುಣ್ಣ ಬಳಿದ. ಬಾಗಿಲ ಪಕ್ಕದ ಗೋಡೆಗೆ ಕೆಮ್ಮಣ್ಣಿನಲ್ಲಿ ಮನೆಯ ಹೆಸರು ಬರೆಸಬೇಕೆಂಬ ಆಸೆ ಅವನಿಗೆ ಎಲ್ಲಿಂದ ಹುಟ್ಟಿತೋ. ಅಲ್ಲಿಂದ ಬಂದವನ ಮಗ ಎಂದು ಊರಿನಲ್ಲಿ ಅರ್ಧ ಗೌರವದಲ್ಲಿ ಬದುಕಿದವನು, ಬಂದವರ ಕಣ್ಣಿಗೆ ನಮ್ಮದೂ ಬೇರಿರುವ ಮನೆಯಾಗಿ ಕಾಣಲಿ ಎಂದಿರಬೇಕು. ನಮ್ಮ ಶಾಲೆಯ ಮೇಷ್ಟ್ರನ್ನು ಕರೆತಂದ. ಅವರು ಮೈಸೂರಿನ ಕಡೆಯವರು. ನಮ್ಮ ಹಕಾರಗಳನ್ನು ಬೆತ್ತ ಹಿಡಿದು ತಿದ್ದುವುದೇ ಅವರ ಅರ್ಧ ಪಾಠ.

“ಏನು ಬರೆಯಬೇಕು?”

“ಅಳ್ಳಿಯೋರ ಮನ ಅಂತ ಬರೀರಿ ಸ್ವಾಮಿ.”

“ಅಳ್ಳಿ ಅಲ್ಲ ಕಣಯ್ಯ, ಹಳ್ಳಿ. ಹ, ಹ. ನಿಮ್ಮ ಮಕ್ಕಳಿಗೆ ತಿದ್ದಿ ತಿದ್ದಿ ನನ್ನ ಗಂಟಲು ಹರಿದುಹೋಯ್ತು, ಇನ್ನು ನಿಮಗೂ ತಿದ್ದಬೇಕೇ?”

ಅಪ್ಪ ಕೆಮ್ಮಣ್ಣಿನ ಬಟ್ಟಲನ್ನು ಅವರ ಮುಂದೆ ಹಿಡಿದ. ಓದಿದವರು ಹೇಳಿದ ಮೇಲೆ ಸರಿಯೇ ಇರಬೇಕು. ಮೇಷ್ಟ್ರು ದುಂಡಗೆ ಬರೆದರು: ಹಳ್ಳಿಯವರ ಮನೆ. ಬಿಳಿ ಸುಣ್ಣದ ಮೇಲೆ ಕೆಂಪು ಅಕ್ಷರ, ರಸ್ತೆಯ ತನಕ ಕಾಣುತ್ತಿತ್ತು. ಅಜ್ಜಿ ಓದಲು ಬಾರದವಳು, ಚೆನ್ನಾಗಿದೆ ಎಂದಳು. ಅತ್ತೆ ಒಣಗದ ಕೆಮ್ಮಣ್ಣನ್ನು ಬೆರಳಿಂದ ಮುಟ್ಟಿ ನನ್ನ ಹಣೆಗೆ ಬೊಟ್ಟಿಟ್ಟಳು.

ನಮ್ಮ ಕಡೆ ಹೆಣ್ಣು ನೋಡಲು ಬಂದವರು ಒಕ್ಕಲು ಕೇಳಿ ತಿಳಿಯದೆ ನೀರು ಮುಟ್ಟುವುದಿಲ್ಲ. ಒಕ್ಕಲು ಅಂದರೆ ಮನೆತನದ ಬೇರಿನ ಹೆಸರು. ಒಂದೇ ಒಕ್ಕಲಿನವರು ಎಷ್ಟು ದೂರದವರಾದರೂ ಅಣ್ಣತಮ್ಮಂದಿರು, ಅಕ್ಕತಂಗಿಯರು. ಅವರಲ್ಲಿ ಹೆಣ್ಣು ತರುವ, ಕೊಡುವ ಮಾತೇ ಇಲ್ಲ. ಗಂಡಿನ ಕಡೆಯವರು ಬಂದ ದಿನ ಅಪ್ಪ ತಂಬಿಗೆ ಹಿಡಿದು ಜಗಲಿಯ ಕೆಳಗೆ ನಿಂತಿದ್ದ. ನಂಜುಂಡನ ದೊಡ್ಡಪ್ಪ, ಬಿಳಿ ರುಮಾಲಿನ ಯಜಮಾನರು, ಕೈ ಚಾಚಿದವರು ಗೋಡೆ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ಅಕ್ಷರ ಕೂಡಿಸಿ ಕೂಡಿಸಿ ಓದಿದರು.

“ಇದೇನಪ್ಪ, ನೀವು ಅಳ್ಳಿ ಒಕ್ಕಲಾ?”

ಅಪ್ಪ ತಂಬಿಗೆಯನ್ನು ಜಗಲಿಯ ಅಂಚಿಗಿಟ್ಟ.

“ತರಗ್ನೋನು ಅಲ್ಲಿಯೋರು ಅಂದ್ನಲ್ಲ, ಯಾವ್ದೋ ಬ್ಯಾರ ಅಂದ್ಕಂಡಿ. ನಾವೂ ಅಳ್ಳಿ ಒಕ್ಕಲೇ ಕಣಪ್ಪ! ಶಿವಶಿವಾ, ಎಂಥ ಕೆಲ್ಸ ಆಗ್ಬುಡ್ತಿತ್ತು!”

ಬಾಗಿಲ ಸಂದಿಯಲ್ಲಿ ಅಜ್ಜಿ ನಿಂತಿದ್ದಳು. ಅವಳ ಸೊಂಟಕ್ಕೆ ಅಂಟಿಕೊಂಡು ನಾನು. ಅಜ್ಜಿಯ ಬಾಯಿ ತೆರೆಯಿತು, ಮುಚ್ಚಿತು. ಅಪ್ಪ ಅವಳ ಕಡೆ ತಿರುಗಿ ನೋಡಿದ. ಅವಳು ತಲೆ ತಗ್ಗಿಸಿದಳು. ಯಜಮಾನರು ಕೆಟ್ಟವರಲ್ಲ. ಹೆಣ್ಣುಮಗಳಿಗೆ ಅವಮಾನವಾಗಬಾರದು ಎಂದು, ತಂದಿದ್ದ ತಟ್ಟೆಯನ್ನು ನಂಜುಂಡನ ಕೈಗೆ ಕೊಟ್ಟರು.

“ಬರಿಗೈಲಿ ಓಗದು ಬ್ಯಾಡ ಕಣ್ಲಾ. ತಂಗೀಗ ಬಳ ಕೊಡು. ಇವತ್ನಿಂದ ಇದು ನಿನ್ನ ತಂಗಿ ಮನ. ವರ್ಸವರ್ಸ ಗೌರಿ ಅಬ್ಬಕ್ಕ ನೀನೇ ಬಂದು ಬಳ ಕೊಟ್ಟೋಗ್ಬೇಕು.”

ಅತ್ತೆ ಅವ್ವನ ಮದುವೆಯ ಸೀರೆಯುಟ್ಟು ನಡುಮನೆಯಿಂದ ಬಂದಳು. ನಂಜುಂಡ ತಟ್ಟೆ ನೀಡಿದ. ತಟ್ಟೆಯಲ್ಲಿ ಬಳೆಗಳು ಸದ್ದು ಮಾಡಿದವು. ಅವಳು ತಗೊಂಡಳು. ಕಾಲಿಗೆ ಬೀಳು ಎಂದರು, ಬಿದ್ದಳು. ಅವರು ನೀರು ಕುಡಿದು ಹೊರಟರು. ಆ ದಿನ ಅಜ್ಜಿ ಈರುಳ್ಳಿ ನೀರು ಮಾಡಿದಳು. ಅತ್ತೆ ಎಲ್ಲರಿಗೂ ಬಡಿಸಿ, ತಾನೂ ಉಂಡು, ತಟ್ಟೆ ತೊಳೆದು, ಹಸುವಿಗೆ ಹುಲ್ಲು ಹಾಕಿದಳು. ಮಾರನೆಯ ದಿನ ನಾನು “ಮಾವ ಮತ್ತ ಬರಲ್ವಾ?” ಎಂದು ಕೇಳಿದ್ದಕ್ಕೆ ಅವ್ವ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

“ಮಾವ ಅಲ್ಲ ಕಣವ್ವ. ಇನ್ಮೇಲಿಂದ ಚಿಕ್ಕಪ್ಪ ಅನ್ಬೇಕು.”

ನಾನು ಹಾಗೇ ಅಂದೆ. ಒಂದು ಮಾತು ಬದಲಾಯಿಸಿದರೆ ಮನುಷ್ಯ ಬದಲಾಗುತ್ತಾನೆ ಎಂದು ಹೇಳಿಕೊಟ್ಟರೆ ಮಗು ಕಲಿಯುತ್ತದೆ. ಆಸ್ಪತ್ರೆಯಲ್ಲಿ ಮೊದಲ ಸಲ, ನಿನ್ನೆ ನನ್ನ ಜೊತೆ ಮಾತಾಡಿದ್ದ ಹೆಂಗಸನ್ನು ಇವತ್ತು ‘ಬಾಡಿ’ ಎಂದು ಕರೆಯಬೇಕಾಗಿ ಬಂದಾಗ ಜೊತೆಯ ಹುಡುಗಿಯರೆಲ್ಲ ಅತ್ತರು. ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಲಿಲ್ಲವಲ್ಲ ಎಂದು ರೂಮಿಗೆ ಹೋಗಿ ಹೆದರಿಕೊಂಡೆ.

ಅಜ್ಜಿ, ಅಪ್ಪ ಯಾಕೆ ಬಾಯಿ ಬಿಡಲಿಲ್ಲ ಎಂಬುದನ್ನು ಅವ್ವ ನನಗೆ ಹೇಳಿದ್ದು ನಾನು ದುಡಿಯಲು ಹೋದ ಮೇಲೆ. ಅಷ್ಟರಲ್ಲಿ ಅಜ್ಜಿ ಇರಲಿಲ್ಲ. ತಾತ ಪುದುಚೇರಿಯವನು. ‘ಅಲಿಯೇ’ ಒಕ್ಕಲೂ ಅಲ್ಲ, ಊರೂ ಅಲ್ಲ, ಫ್ರೆಂಚರ ಒಂದು ಹೆಸರು. ಅವನ ಕುಲ ಯಾವುದೆಂದು ಮುತ್ತಾತನಿಗೂ ಗೊತ್ತಿರಲಿಲ್ಲ. ವಿಭೂತಿ ನೋಡಿ, ‘ಕೆಳಗಿನ ನಮ್ಮ ಪೈಕಿಯವನೇ’ ಎಂದು ಊರಿಗೆ ಹೇಳಿ ಮಗಳನ್ನು ಕೊಟ್ಟಿದ್ದ.

“ಅಳ್ಳಿ ಅಲ್ಲ ಅಂದಿದ್ರ, ಮತ್ಯಾವ್ದು ಅಂತ ಕೇಳರು. ಏನಂತ ಯೋಳದು? ಅಳ್ಳಿ ಅಂದ್ರೂ ಮದ್ವ ಇಲ್ಲ, ಅಲ್ಲ ಅಂದ್ರೂ ಮದ್ವ ಇಲ್ಲ. ಸುಮ್ನಿದ್ರ ಮನ ಮರ್ಯಾದಿ ಆದ್ರೂ ಉಳ್ಕತ್ತದ ಅಂತ ನಿಮ್ಮಜ್ಜಿ ಸುಮ್ನಾದ್ಲು.”

ಅತ್ತೆಗೆ ಬೇರೆ ಗಂಡು ಬಂದವು. ಒಂದಕ್ಕೂ ಅವಳು ಒಪ್ಪಲಿಲ್ಲ. ಯಾಕೆ ಎಂದರೆ “ಬ್ಯಾಡ” ಎನ್ನುವಳು, ಅಷ್ಟೇ. ಅವಳ ಬಾಯಿಯೂ ನಮ್ಮ ಬಾಯಿಯಂತೆಯೇ ಆಯಿತು. ನಂಜುಂಡ ಚಿಕ್ಕಪ್ಪ ಮದುವೆಯಾದ, ಮಕ್ಕಳಾದವು. ದೊಡ್ಡಪ್ಪನ ಮಾತಿನಂತೆ ಪ್ರತಿ ಗೌರಿ ಹಬ್ಬಕ್ಕೂ ಬರುತ್ತಿದ್ದ. ಮದುವೆಯಾಗದ ಹೆಣ್ಣಿಗೆ ಮೊರದ ಬಾಗಿನ ಸಲ್ಲದೆಂದು ಬಳೆ, ರವಿಕೆ ಕಣ, ಅಚ್ಚುಬೆಲ್ಲ ತರುತ್ತಿದ್ದ. ಜಗಲಿಯ ಮೇಲೆ ಕೂತು ಅಪ್ಪನ ಜೊತೆ ಹಂದಿ ತಿಂದ ಬೆಳೆಯ ಮಾತು, ಮಳೆಯ ಮಾತು ಆಡಿ, ಅತ್ತೆ ಬಡಿಸಿದ್ದನ್ನು ಉಂಡು, “ಬತ್ತೀನಿ ಕಣವ್ವ” ಎಂದು ಹೊರಡುವನು. ಅವಳು “ಊ ಕಣಣ್ಣ” ಎನ್ನುವಳು. ಸಾರಿನಲ್ಲಿ ಅವತ್ತು ಸಾಸಿವೆ ಒಗ್ಗರಣೆ ಜಾಸ್ತಿ ಇರುತ್ತಿತ್ತು. ಆಯುಷ್ಯವೆಲ್ಲ ಹೀಗೆ ಕಳೆಯಿತು. ವರ್ಷವರ್ಷ ಮನೆಗೆ ಸುಣ್ಣ ಬಳಿಯುವಾಗ ಅತ್ತೆ ಆ ಅಕ್ಷರಗಳ ಸುತ್ತ ಮಾತ್ರ ಬಳಿದು, ತೇವದ ಕೆಮ್ಮಣ್ಣಿನಲ್ಲಿ ಅವನ್ನು ತಾನೇ ತಿದ್ದುತ್ತಿದ್ದಳು. ತನ್ನನ್ನು ಹಾಳು ಮಾಡಿದ ಅಕ್ಷರಕ್ಕೆ ಯಾಕಿಷ್ಟು ಉಪಚಾರ ಎಂದು ನನಗೆ ಸಿಟ್ಟು ಬರುತ್ತಿತ್ತು.

ಕೆಲಸ ಬಿಟ್ಟ ಮೇಲೆ ಹಳೆಯ ಗೆಳತಿಯರ ಜೊತೆ ಪುದುಚೇರಿ ನೋಡಲು ಹೋಗಿದ್ದೆ. ಸಮುದ್ರದ ಹತ್ತಿರದ ಬೀದಿಯಲ್ಲಿ ಒಂದು ಟೈಲರ್ ಅಂಗಡಿ. ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರದ ಹೆಸರು. ‘ಹಲ್ಲಿಯರ್’ ಎಂದು ಓದಿಕೊಂಡು ಮುಂದೆ ಹೋಗಿಬಿಟ್ಟಿದ್ದೆ. ಹಿಂದಿನಿಂದ ಯಾರೋ ಗಿರಾಕಿ ಒಳಗಿದ್ದ ಮುದುಕರನ್ನು ಕೂಗಿದ್ದು ಕೇಳಿಸಿತು: “ಅಲಿಯೇ ಐಯಾ!” ನನ್ನ ಕಾಲು ನಿಂತಿತು. ಹಾಲಿನ ತಂಬಿಗೆ ಕೆಳಗಿಟ್ಟ ಮುತ್ತಾತನಿಗೆ ತಾತ ಹೇಳಿದ ಮಾತು ಅದೇ. ಮುದುಕರು ನನಗೆ ಸ್ಟೂಲು ಕೊಟ್ಟು, ಅಂಗಿಯ ಕಾಜ ಹೊಲಿಯುತ್ತಲೇ ತಮಿಳಿನಲ್ಲಿ ಹೇಳಿದರು. ಫ್ರಾನ್ಸಿನ ಚಳಿಯ ಸೀಮೆಯಲ್ಲಿ ಯಾವುದೋ ಪೊದೆಗಾಡಿನ ಅಂಚಿನಲ್ಲಿ ಮನೆ ಮಾಡಿಕೊಂಡಿದ್ದವರಿಗೆ ಆ ಹೆಸರು ಬಿತ್ತಂತೆ. ಅಲಿಯೇ ಅಂದರೆ ಅವರ ಮಾತಿನಲ್ಲಿ ದಟ್ಟ ಪೊದೆ. ಸಂತೆಕಟ್ಟೆ ಕಾಯುವವನಿಂದ ಬಂದ ಹೆಸರು ಎನ್ನುವವರೂ ಇದ್ದಾರಂತೆ. ಆ ವಂಶದ ಒಬ್ಬ ಹಡಗು ಹತ್ತಿ ಪುದುಚೇರಿಗೆ ಗುಮಾಸ್ತನಾಗಿ ಬಂದ, ಅವನ ಮಕ್ಕಳು ವಾಪಸು ಹೋದರು, ಹೆಸರು ಮಾತ್ರ ಇಲ್ಲೇ ಉಳಿಯಿತು. ಜಾತಿಯ ಕಟ್ಟಳೆ ಬಿಟ್ಟು ಫ್ರೆಂಚರ ಕಾನೂನಿಗೆ ಬರುತ್ತೇವೆ ಎಂದ ತಮಿಳರು ಮನೆತನಕ್ಕೊಂದು ಹೆಸರು ಹೇಳಬೇಕಾಗಿತ್ತು. ಇವರ ಮುತ್ತಾತ ಆ ಗುಮಾಸ್ತರ ಮನೆಯ ಅಡುಗೆಯವನು. ಕಿವಿಗೆ ಬಿದ್ದಿದ್ದ ಆ ಹೆಸರನ್ನೇ ತಗೊಂಡ. ಆ ಅಡುಗೆಯವನ ಮನೆಯವರಲ್ಲಿ ಒಬ್ಬ ಸೈಗಾನಿಗೆ ಹೋದ, ಒಬ್ಬ ಫ್ರಾನ್ಸಿಗೆ ಹೋದ.

“ಮಲೆಯ ಕಡೆ ಹೋದವನೊಬ್ಬ ಇದ್ದ ಅಂತ ಕೇಳಿದ ನೆನಪು. ಅವನು ನಿಮ್ಮ ತಾತನೋ ಅಲ್ಲವೋ, ನಾನು ಹೇಗೆ ಹೇಳಲಮ್ಮ?”

“ಬೋರ್ಡಿನಲ್ಲಿ ಮೊದಲು ಹ ಇದೆಯಲ್ಲ ಐಯಾ?”

“ಅದು ಬರೆಯುವುದಕ್ಕೆ ಮಾತ್ರ. ಬಾಯಲ್ಲಿ ಬರಬಾರದು.”

ನಮ್ಮೂರಲ್ಲೂ ಹಾಗೇ ಎಂದೆ. ಅವರು ನಕ್ಕರು. ಅಂತೂ ಮೇಷ್ಟ್ರು ಹಾಕಿದ ಹ ಸರಿಯಾಗಿಯೇ ಇತ್ತು, ಅದರ ಮುಂದಿನದೆಲ್ಲ ತಪ್ಪು. ಬಸ್ಸಿನಲ್ಲಿ ಬರುವಾಗ ನಗಬೇಕೋ ಅಳಬೇಕೋ ಎಂದು ನೋಡಿಕೊಂಡೆ. ಎರಡೂ ಬರಲಿಲ್ಲ.

ಊರಿಗೆ ಬಂದಾಗ ಗೌರಿ ಹಬ್ಬಕ್ಕೆ ಕೆಲವೇ ದಿನ ಉಳಿದಿದ್ದವು. ಬೇಸಿಗೆಯಲ್ಲಿ ನಂಜುಂಡ ಚಿಕ್ಕಪ್ಪ ತೀರಿಕೊಂಡಿದ್ದ. ಸುದ್ದಿ ಬಂದಾಗ ಅತ್ತೆ ಒಡಹುಟ್ಟಿದವಳಂತೆ ತಲೆಗೆ ನೀರು ಹೊಯ್ದುಕೊಂಡು ಸೂತಕ ಹಿಡಿದಿದ್ದಳೆಂದು ಆಮೇಲೆ ಹುಟ್ಟಿದ ನನ್ನ ತಮ್ಮನ ಹೆಂಡತಿ ಹೇಳಿದಳು. ಹಬ್ಬಕ್ಕೆ ಸುಣ್ಣ ಕಲಸಿ ಜಗಲಿಯ ಪಕ್ಕ ಇಟ್ಟಿದ್ದವಳೂ ಅವಳೇ. ಅತ್ತೆ ಕಂಬಕ್ಕೆ ಒರಗಿ ಕೂತಿದ್ದಳು, ಕಾಲು ಚಾಚಿ. ನಾನು ಕುಂಚ ಹಿಡಿದು ನಿಂತು, ಪುದುಚೇರಿಯ ಕತೆಯನ್ನೆಲ್ಲ ಹೇಳಿದೆ. ಇನ್ನು ಮುಚ್ಚಿಡುವುದರಿಂದ ಯಾರಿಗೂ ಪ್ರಯೋಜನವಿಲ್ಲ ಎನ್ನಿಸಿತ್ತು. ನಮ್ಮದು ಹಳ್ಳಿ ಒಕ್ಕಲಲ್ಲ ಅತ್ತೆ, ನಂಜುಂಡ ಚಿಕ್ಕಪ್ಪ ನಿನಗೆ ಅಣ್ಣನಾಗಬೇಕಾಗಿರಲಿಲ್ಲ ಎಂದೆ.

“ಗೊತ್ತು” ಎಂದಳು ಅತ್ತೆ.

“ಯಾವಾಗಿಂದ?”

“ನಮ್ಮವ್ವ ಸಾಯಕ ಮುಂದ ಯೋಳ್ಬುಟ್ಟು ಓದ್ಲು. ಅದ್ರ ಮುಂದಿನ ಗೌರಿ ಅಬ್ಬಕ್ಕ ಬಂದಾಗ ನಾನು ಅವ್ರ್ಗ ಯೋಳ್ದಿ.”

“ಅವರಿಗೂ ಗೊತ್ತಿತ್ತಾ?”

“ಊ. ಉಣ್ತಾ ಇದ್ದೋರು ಕೈ ನಿಲ್ಲುಸ್ಬುಟ್ರು. ಆಮೇಲ ಇನ್ನಷ್ಟು ಅನ್ನ ಆಕು ಅಂದ್ರು.”

“ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ?”

ಅತ್ತೆ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು.

“ಯೋಳಿ ಏನ್ ಮಾಡದು? ಅವ್ರ್ಗ ಆಗ್ಲೇ ಎಂಡ್ತಿ ಮಕ್ಳು. ಅಣ್ಣ ಅಲ್ಲ ಅಂದ್ಮೇಲ ಯಾವ ಮೊಕ ಇಟ್ಕಂಡು ಈ ಬಾಗ್ಲಿಗ ಬಂದಾರು? ಅಣ್ಣ ಅಂತ ಇದ್ರ ವರ್ಸಕ್ಕೊಂದ್ಸಲ ಬರಬೋದಿತ್ತು. ನಾ ಮಾಡುದ್ದ ಉಣ್ಬೋದಿತ್ತು.”

ಸುಣ್ಣ ಕುಂಚದಿಂದ ನನ್ನ ಕಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಆ ಅಕ್ಷರಗಳನ್ನು ಅವಳು ಯಾಕೆ ತಿದ್ದಿ ತಿದ್ದಿ ಇಟ್ಟುಕೊಂಡಳು ಎಂದು ತಿಳಿಯಲು ನನಗೆ ಒಂದು ಜನ್ಮವೇ ಬೇಕಾಯಿತು. ಅತ್ತೆ ಗೋಡೆಯ ಕಡೆ ಬೆರಳು ಮಾಡಿದಳು.

“ಏನಂದ ನೀನು, ಪೊದ ಅಂತನಾ ಅದ್ರ ಅರ್ತ?”

“ಹೂಂ ಅತ್ತೆ, ಪೊದೆ.”

“ಸರಿ ಬುಡು.” ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದ್ದಳು. “ಇನ್ನ ಬರೋರು ಯಾರವ್ರ? ಬೇಕಾರ ಅಳ್ಸಿಬುಡು ಕಣವ್ವ.”

ಅವಳು ಒಳಗೆ ಹೋದಳು. ನಾನು ಗೋಡೆಯ ಮೇಲಿಂದ ಬಳಿಯುತ್ತ ಬಂದೆ. ಮೊದಲಕ್ಷರದ ಹತ್ತಿರ ಬರುವ ಹೊತ್ತಿಗೆ ಅಡುಗೆಮನೆಯಿಂದ ಈರುಳ್ಳಿ ಬಾಡುವ ವಾಸನೆ ಬಂತು.